ಏಳೂವರೆ–ಹದಿನಾರು

ಜುವೈನಾಳ ಪಿಕಪ್ಪಿನ ಟೈರುಗಳು ಬರಿಗಾಲಲ್ಲಿ ಓಡಾಡುವವರ ಹಿಮ್ಮಡಿಯ ಹಾಗೆ ಒಡೆದು ಹೋಗಿದ್ದವು. ಬಿರುಕಿನೊಳಗೆ ಉಗುರು ಇಳಿಯುತ್ತಿತ್ತು. ಇನ್ನೊಂದು ಬೇಸಿಗೆಯನ್ನು ಇವು ದಾಟುವುದಿಲ್ಲವೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೆ ಹೇಳಿಕೊಡುವವರಿಗೇನು ಬರವೇ? ಖರ್ಜೂರ ತಿಂದು ಕಾಫಿ ಕುಡಿಯಲು ಬಂದ ಗಂಡಸರೆಲ್ಲ ಗಾಡಿಯ ಸುತ್ತ ಒಂದು ಸುತ್ತು ಬಂದು, ಟೈರಿಗೊಂದು ಒದೆ ಕೊಟ್ಟು, ತಮ್ಮ ಪಾಂಡಿತ್ಯ ಸುರಿದು ಹೋಗುತ್ತಿದ್ದರು. ಮರಳಿಗೆ ಅಗಲದ ಟೈರೇ ಸೈ ಅಂತೆ. ಈಗಿನ ಹುಡುಗರೆಲ್ಲ ಮೂವತ್ತೈದು ಇಂಚಿನದನ್ನೇ ಹಾಕಿಸಿಕೊಂಡು ಮರಳಗುಡ್ಡದ ನೆತ್ತಿಗೆ ಒಂದೇ ಉಸಿರಿಗೆ ಹತ್ತಿಬಿಡುತ್ತಾರಂತೆ. ಒದ್ದರೆ ಟೈರಿನ ಯೋಗ್ಯತೆ ಗೊತ್ತಾಗುತ್ತದೆಂದು ಇವರಿಗೆ ಯಾರು ಕಲಿಸಿದರೋ ದೇವರೇ ಬಲ್ಲ.

ಜುವೈನಾ ಮುಖಪಟ್ಟಿಯ ಹಿಂದೆ ನಕ್ಕು ಸುಮ್ಮನಾಗುತ್ತಿದ್ದಳು. ಅವಳ ಲ್ಯಾಂಡ್ ಕ್ರೂಸರ್ ಪಿಕಪ್ಪು ಅವಳ ಮಗನಿಗಿಂತ ಹಿರಿಯದು. ಅದು ಹುಟ್ಟಿದಾಗ ಪವರ್ ಸ್ಟೇರಿಂಗ್ ಎಂಬ ಸುಖ ಈ ಕಡೆ ಕಾಲಿಟ್ಟಿರಲಿಲ್ಲ. ಚಕ್ರ ತಿರುಗಬೇಕಾದರೆ ತೋಳೇ ತಿರುಗಿಸಬೇಕು. ಅದಕ್ಕೆ ಒಪ್ಪುವ ಅಳತೆ ಏಳೂವರೆ–ಹದಿನಾರು, ಅಂದರೆ ಏಳೂವರೆ ಇಂಚು ಅಗಲ, ಹದಿನಾರು ಇಂಚಿನ ರಿಮ್ಮು, ಎತ್ತರದ ಸಪೂರ ಟೈರು. ಮರಳಿಗಿಳಿಯುವ ಮುಂಚೆ ಗಾಳಿ ಇಳಿಸಿದರೆ ಅದು ಅಡ್ಡಕ್ಕೆ ಹರಡದೆ ಉದ್ದಕ್ಕೆ ಹಾಸಿಕೊಳ್ಳುತ್ತದೆ, ಹೂತುಕೊಳ್ಳುವುದೂ ಇಲ್ಲ, ಸ್ಟೇರಿಂಗ್ ಕೈಗೆ ಭಾರವಾಗುವುದೂ ಇಲ್ಲ. ಗಂಡ ಸತ್ತ ಮೇಲೆ ಇಷ್ಟು ವರ್ಷ ಅವಳು ಆ ಅಳತೆಯ ಮೇಲೆಯೇ ಬದುಕಿದ್ದಳು. ಬಾವಿಯ ಹತ್ತಿರ ಗಾಡಿಯ ಮೇಲಿನ ಟ್ಯಾಂಕು ತುಂಬಿಸಿಕೊಂಡು, ಮರಳು ದಾಟಿ, ಗಾಫ್ ಮರಗಳ ತೋಪಿನಲ್ಲಿ ಕಾಯುತ್ತಿದ್ದ ಒಂಟೆಗಳಿಗೆ ನೀರು ಹೊಯ್ದು ಬರುವುದು ಅವಳ ದಿನಚರಿ. ಗಾಡಿ ನಿಂತರೆ ನೀರಿಲ್ಲ. ನೀರಿಲ್ಲದಿದ್ದರೆ ಒಂಟೆಯಿಲ್ಲ. ಒಂಟೆಯಿಲ್ಲದ ಮೇಲೆ ಅವಳು ಈ ಮರಳಿನಲ್ಲಿ ಯಾಕಿರಬೇಕೆಂದು ಕೇಳಲು ಮಗ ಬಾಯಿ ತೆರೆದುಕೊಂಡೇ ಕೂತಿದ್ದ.

ಮಗ ಮುಸಲ್ಲಮ್ ಮರಳಿನಂಚಿನ ಸಿನಾವ್ ಪೇಟೆಯಲ್ಲಿ ಸರ್ಕಾರಿ ನೌಕರ. ಸಿಮೆಂಟಿನ ಮನೆ ಕಟ್ಟಿಸಿ ಅದರಲ್ಲಿ ತಾಯಿಗೆಂದೇ ಏಸಿ ಹಾಕಿಸಿದ ಕೋಣೆಯೊಂದನ್ನು ಖಾಲಿ ಇಟ್ಟಿದ್ದ. ಬಂದಾಗಲೆಲ್ಲ ಅದೇ ರಾಗ. ಯಾವನೋ ಸ್ನೇಹಿತನ ತಾಯಿ ಮರಳಗುಡ್ಡದಲ್ಲಿ ಗಾಡಿ ಮಗುಚಿಕೊಂಡು ಸತ್ತಳಂತೆ, ಹೆಣ ಸಿಕ್ಕಿದ್ದು ಮಾರನೆಯ ದಿನವಂತೆ. ಅವನ ಕಳಕಳಿ ಸುಳ್ಳಲ್ಲ. ಆ ಮಾತು ಹೇಳುವಾಗ ಅವನ ಮುಖ ಬಿಳಿಚಿಕೊಳ್ಳುತ್ತಿತ್ತು. ಆದರೂ ಜುವೈನಾ ಜಗ್ಗಲಿಲ್ಲ. ಆ ಹೆಂಗಸಿಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ, ನನಗೆ ಬರುತ್ತದೆ ಎಂದು ಅವನ ಬಾಯಿ ಮುಚ್ಚಿಸುತ್ತಿದ್ದಳು.

ಟೈರು ತರುವ ಕೆಲಸ ಅವನಿಗೇ ಬಿತ್ತು. ಬಾಯಿಮಾತಿನಲ್ಲಿ ಹೇಳಿದರೆ ಮರೆತಾನೆಂದು ಜುವೈನಾ ಸ್ಟೆಪ್ನಿಯನ್ನೇ ಬಿಚ್ಚಿ ಅವನ ಗಾಡಿಗೆ ಉರುಳಿಸಿ ಹಾಕಿದಳು.

“ಇದೇ ಅಳತೆ ಕಣೋ. ಇದನ್ನೇ ತೋರಿಸು. ಅಗಲದ್ದು ಕೊಟ್ರೆ ಬೇಡ ಅನ್ನು. ನಾನು ಮೆರವಣಿಗೆ ಹೊರಡ್ತಿಲ್ಲ, ನೀರು ಹೊರೋಳು.”

ಮುಸಲ್ಲಮ್ ಆಗಲಿ ಎಂದು ಹೋದವನು ಶುಕ್ರವಾರ ಬಂದ, ಸದ್ದು ಗದ್ದಲದೊಂದಿಗೆ ಬಂದ. ಹಿಂದೆ ದಾಯಾದಿಗಳ ಎರಡು ಗಾಡಿ, ಮುಂದೆ ಇವನ ಗಾಡಿ, ಅದರ ಮೇಲೆ ಥಳಥಳಿಸುವ ರಿಮ್ಮುಗಳಿಗೆ ಕೂಡಿಸಿದ ನಾಲ್ಕು ಭಾರಿ ಟೈರು. ಒಂದೊಂದೂ ಅವಳ ಸೊಂಟದವರೆಗೆ ಬರುತ್ತಿತ್ತು. ಆ ಅಳತೆ ಪೇಟೆಯಲ್ಲೆಲ್ಲೂ ಇಲ್ಲವಮ್ಮಾ, ಕಂಪನಿಯವರೇ ಮಾಡುವುದು ನಿಲ್ಲಿಸಿದ್ದಾರೆ ಎಂದ. ಹಳೆಯ ರಿಮ್ಮುಗಳನ್ನು ಅಂಗಡಿಯವನಿಗೆ ಬದಲಿಗೆ ಕೊಡುವುದಾಗಿ ಒಪ್ಪಿಕೊಂಡಿದ್ದೇನೆಂದೂ ಸೇರಿಸಿದ. ಬೇಡವೆನ್ನಲು ಜುವೈನಾ ಬಾಯಿ ತೆರೆದಳು. ಆದರೆ ಅಷ್ಟರಲ್ಲಾಗಲೇ ಬಂದವರು ಜ್ಯಾಕು ಕೊಟ್ಟು, ನಟ್ಟು ಬಿಚ್ಚಿ, ಹೊಸದನ್ನು ಕೂರಿಸುತ್ತಿದ್ದರು. ಅವಳ ಗಂಡನ ಅಣ್ಣ ಹಮ್ದಾನ್ ಚಾಪೆಯ ಮೇಲೆ ಕೂತು, ಇಂಥ ಮಗನನ್ನು ಹೆತ್ತ ಹೊಟ್ಟೆ ತಣ್ಣಗಿರಲಿ ಎಂದು ಎಲ್ಲರೆದುರು ಹರಸಿಬಿಟ್ಟ. ಇನ್ನೇನು ಮಾಡುತ್ತಾಳೆ? ಹಲ್ವಾದ ತಟ್ಟೆ ಇಟ್ಟಳು, ಕಾಫಿ ಬಗ್ಗಿಸಿದಳು, ದೇವರು ನಿನ್ನ ಕೈಗೆ ಇನ್ನೂ ಶಕ್ತಿ ಕೊಡಲಿ ಎಂದು ಮಗನಿಗೆ ಹೇಳಬೇಕಾದ ಮಾತನ್ನು ಹೇಳಿದಳು.

ಅವಳು ಎಡವಿದ್ದು ಅಲ್ಲೇ. ಹಿರಿಯರೆದುರು ಉಡುಗೊರೆ ಒಪ್ಪಿಕೊಂಡು ಕಾಫಿ ಕುಡಿಸಿದ ಮೇಲೆ ಅದಕ್ಕೆ ಹೆಸರಿಡುವ ಹಾಗಿಲ್ಲ. ಹೆಸರಿಟ್ಟರೆ ಕೊಟ್ಟವನ ಮುಖಕ್ಕೆ ಮಸಿ. ಅದೂ ಹೆತ್ತ ಮಗ. ಚಕ್ರವನ್ನು ಒಂದು ಸಲ, ಒಂದೇ ಒಂದು ಸಲ ತಿರುಗಿಸಿ ನೋಡಿ ಆಮೇಲೆ ಕಾಫಿ ಬಗ್ಗಿಸಿದ್ದರೆ ಸಾಕಿತ್ತು.

ಮರುದಿನ ಬೆಳಿಗ್ಗೆ ಕೂತು ತಿರುಗಿಸಿದಳು. ಸ್ಟೇರಿಂಗ್ ಅಲ್ಲಾಡಲಿಲ್ಲ. ಗಾಡಿಯನ್ನು ಸ್ವಲ್ಪ ಮುಂದೆ ಬಿಟ್ಟುಕೊಂಡು, ಎದ್ದು ನಿಂತಷ್ಟು ಬಲ ಹಾಕಿ ಎಳೆದಾಗ ಗೊಣಗುತ್ತಾ ಬಂತು. ಪೂರ್ತಿ ತಿರುಗಿಸಿದರೆ ಟೈರು ಮಡ್‌ಗಾರ್ಡಿಗೆ ಉಜ್ಜಿ ರಬ್ಬರ್ ಸುಟ್ಟ ವಾಸನೆ. ಟ್ಯಾಂಕು ತುಂಬಿದ ಮೇಲಂತೂ ಇಂಜಿನ್ ಏದುಸಿರು ಬಿಟ್ಟಿತು, ಎರಡನೇ ಗೇರಿನಲ್ಲಿ ಹತ್ತುತ್ತಿದ್ದ ಏರಿಗೆ ಮೊದಲನೆಯದೂ ಸಾಲಲಿಲ್ಲ. ಮರಳು ಮೆತ್ತಗಾದಲ್ಲಿ ಗಾಳಿ ಇಳಿಸಿದಳು. ಗಾಡಿ ತೇಲಿತು, ಅದೇನೋ ನಿಜ, ಗಂಡಸರು ಹೇಳಿದ್ದು ಸುಳ್ಳಲ್ಲ. ಆದರೆ ಅಗಲದ ಟೈರು ಗಾಳಿ ಇಳಿದು ಇನ್ನಷ್ಟು ಅಗಲವಾಗಿ ಮರಳಿಗೆ ಅಂಟಿಕೊಂಡಾಗ ಸ್ಟೇರಿಂಗ್ ಅನ್ನುವುದು ನೆಲಕ್ಕೆ ಹೂತ ಕಲ್ಲಾಯಿತು. ಗುಂಡಿಯೊಂದಕ್ಕೆ ಚಕ್ರ ಬಿದ್ದಾಗ ಅದೇ ಸ್ಟೇರಿಂಗ್ ತಾನಾಗಿ ಗಿರ್ರನೆ ತಿರುಗಿ ಅವಳ ಹೆಬ್ಬೆರಳಿಗೆ ಹೊಡೆಯಿತು.

ಆದರೂ ಅವಳು ಬಿಟ್ಟಳೇ? ದಿನವೂ ಹೋದಳು. ಸಂಜೆ ಭುಜ ಎತ್ತಲಾಗುತ್ತಿರಲಿಲ್ಲ, ಹಿಟ್ಟು ನಾದುವುದಕ್ಕೂ ಎಡಗೈಯೇ. ಟೈರಿಗೆ ಹೆಸರಿಡುವ ಹಾಗಿಲ್ಲವಾದ್ದರಿಂದ ಬೇರೆ ಯಾರಿಗಾದರೂ ಬೈಯಬೇಕಲ್ಲ, ತನ್ನ ಕೈಗಳಿಗೇ ಬೈದಳು. ಪಕ್ಕದ ಬಿಡಾರದ ಗಂಡುಹುಡುಗರು ಇದೇ ಟೈರಿನಲ್ಲಿ ಒಂದೇ ಕೈಯಲ್ಲಿ ಓಡಿಸುವುದನ್ನು ಅವಳು ನೋಡಿದ್ದಳು. ಅವರ ಗಾಡಿಗಳು ಹೊಸವು, ಅವುಗಳಲ್ಲಿ ಯಂತ್ರವೇ ಚಕ್ರ ತಿರುಗಿಸಿಕೊಡುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ, ನೋವು ತಿನ್ನುತ್ತಿದ್ದ ಮನಸ್ಸು ಆ ಲೆಕ್ಕ ಬಿಟ್ಟು ಬರೀ ವಯಸ್ಸಿನ ಲೆಕ್ಕ ಹಿಡಿಯಿತು.

ಒಂದು ದಿನ ತೋಪಿನಲ್ಲಿ ತಿರುವು ತೆಗೆದುಕೊಳ್ಳುವಾಗ ತೋಳು ಅರ್ಧದಲ್ಲೇ ಸೋತಿತು. ಗಾಡಿ ನೆಟ್ಟಗೆ ಹೋಗಿ ಸಿಮೆಂಟಿನ ನೀರುತೊಟ್ಟಿಯನ್ನು ಒಡೆದು ನಿಂತಿತು. ಆಗಷ್ಟೇ ಹೊಯ್ದ ನೀರೆಲ್ಲ ಒಂಟೆಗಳ ಕಣ್ಣೆದುರೇ ಮರಳಿಗಿಳಿಯಿತು. ಅವು ಒದ್ದೆ ಮರಳಿಗೆ ಮೂತಿ ಇಟ್ಟು ಮೂಸುತ್ತಿದ್ದವು. ಜುವೈನಾ ಕೆಳಗಿಳಿದು ಅಲ್ಲೇ ಕೂತು ಅತ್ತಳು. ಯಾವತ್ತೂ ಹಾಗೆ ಅತ್ತವಳಲ್ಲ.

ಅವಳು ಮನೆ ಮುಟ್ಟುವ ಮುಂಚೆ ಪಕ್ಕದ ಬಿಡಾರದವರಿಂದ ಸುದ್ದಿ ಮಗನಿಗೆ ಮುಟ್ಟಿತ್ತು. ಬಂದವನು ಒಂದು ಬಿರುಸು ಮಾತೂ ಆಡಲಿಲ್ಲ. ಅವಳ ಹಿಂದೆ ಕೂತು ಬೆಚ್ಚಗಿನ ಎಳ್ಳೆಣ್ಣೆಯಲ್ಲಿ ಭುಜ ತಿಕ್ಕಿದ. ಬಹಳ ಹೊತ್ತು ತಿಕ್ಕಿದ.

“ವಯಸ್ಸಮ್ಮಾ,” ಎಂದ ಮೆಲ್ಲಗೆ. “ಯಾರಿಗೂ ತಪ್ಪಿದ್ದಲ್ಲ.”

“ಹೌದು ಕಣೋ,” ಎಂದಳು ಜುವೈನಾ. “ಕೈ ಸೋತೋಯ್ತು.”

ಆ ಮಾತು ಬಾಯಿಂದ ಬಂದಿದ್ದೇ ತಡ, ಉಳಿದದ್ದೆಲ್ಲ ಸರಸರ ನಡೆದುಹೋಯಿತು. ಮುಸಲ್ಲಮ್ ಒಳ್ಳೆಯ ಕೊಳ್ಳುವವನನ್ನೇ ಹುಡುಕಿದ, ಅದರಲ್ಲಿ ಅವನನ್ನು ದೂರುವ ಹಾಗಿಲ್ಲ. ಲಾರಿ ಬಂದು, ಹೊಟ್ಟೆಗೆ ಪಟ್ಟಿ ಕಟ್ಟಿ ಒಂಟೆಗಳನ್ನು ಕ್ರೇನಿನಲ್ಲಿ ಎತ್ತಿ ಹಾಕುವಾಗ ಜುವೈನಾ ಹೊರಗೆ ನಿಲ್ಲಲಿಲ್ಲ. ಒಳಗಿದ್ದು ಪಾತ್ರೆ ಕಟ್ಟಿದಳು. ಒಂಟೆಗಳ ಅರಚಾಟ ಗೋಡೆ ದಾಟಿ ಬರುತ್ತಿತ್ತು, ಅದಕ್ಕೇನು ಮಾಡುವುದು. ಆ ವಾರವೇ ಅವಳು ಏಸಿ ಕೋಣೆಗೆ ಬಂದಳು. ಸೊಸೆ ಒಳ್ಳೆಯವಳು, ಕೂತಲ್ಲಿಗೇ ಊಟ ತಂದಿಡುತ್ತಿದ್ದಳು. ಊಟ ಮಾಡುವುದು, ಮಲಗುವುದು, ಕಿಟಕಿಯಿಂದ ಎದುರು ಮನೆಯ ಗೋಡೆ ನೋಡುವುದು. ಭುಜದ ನೋವು ಮಾತ್ರ ಬೇಗ ಹೋಯಿತು, ಅನುಮಾನ ಬರುವಷ್ಟು ಬೇಗ ಹೋಯಿತು. ಅವಳು ಅನುಮಾನಪಡಲಿಲ್ಲ.

ಪಿಕಪ್ಪು ಅಂಗಳದಲ್ಲಿ ಬಿಸಿಲು ಕಾಯುತ್ತಾ ನಿಂತಿತ್ತು. ಒಂದು ಮಧ್ಯಾಹ್ನ ಹಮ್ದಾನ್ ಬಂದ. ತಮ್ಮ ಗಾಡಿ ಕೆಟ್ಟು ಕೂತಿದೆ, ಇದನ್ನು ತನಗೇ ಕೊಟ್ಟುಬಿಡಿ, ಶಿನೂನಾ ಓಡಿಸುತ್ತಾಳೆ ಎಂದು ಕೇಳಿದ. ಶಿನೂನಾ ಅವನ ಹೆಂಡತಿ, ಜುವೈನಾಳ ವಾರಗಿತ್ತಿ, ಅವಳಿಗಿಂತ ದೊಡ್ಡವಳು. ಜುವೈನಾ ಆಯಿತೆಂದು ಕಾಫಿ ತರಲು ಒಳಗೆ ಹೋದಳು. ಹೂಜಿ ಹಿಡಿದು ತಿರುಗಿ ಬರುವಾಗ ಬಾಗಿಲಲ್ಲೇ ಮಗನ ಮಾತು ಕಿವಿಗೆ ಬಿತ್ತು. ಅವನು ವ್ಯವಹಾರ ಬಲ್ಲವನ ಗತ್ತಿನಲ್ಲಿ ದೊಡ್ಡಪ್ಪನಿಗೆ ಬುದ್ಧಿ ಹೇಳುತ್ತಿದ್ದ.

“ಟೈರು ಮೊದ್ಲು ಬದಲಾಯಿಸಿ ದೊಡ್ಡಪ್ಪ. ಏಳೂವರೆ–ಹದಿನಾರೇ ಹಾಕಿಸಿ, ನಾನು ಇದನ್ನ ತಂದ ಅಂಗಡೀಲೇ ಬೇಕಾದಷ್ಟಿದೆ. ಈ ಅಗಲದ್ದು ಇಟ್ರೆ ದೊಡ್ಡಮ್ಮನ ಕೈಲಿ ತಿರುಗೋದಿಲ್ಲ. ಪವರ್ ಇಲ್ದಿರೋ ಗಾಡೀಲಿ ಯಾವ ಹೆಂಗಸಿಗೂ ಆಗಲ್ಲ.”

ಜುವೈನಾ ಒಳಬಂದು ಕಾಫಿ ಬಗ್ಗಿಸಿದಳು. ಹಮ್ದಾನ್ ಕುಡಿದು, ಸಾಕೆಂದು ಲೋಟ ಅಲ್ಲಾಡಿಸಿ ಎದ್ದು, ಗಾಡಿ ತೆಗೆದುಕೊಂಡು ಅಂಗಡಿಯ ಕಡೆ ಹೋದ.

“ಅಂಗಡೀಲಿ ಅವತ್ತೂ ಇತ್ತಾ?” ಎಂದು ಆಮೇಲೆ ಕೇಳಿದಳು.

ಮುಸಲ್ಲಮ್ ಕೈಲಿದ್ದ ಲೋಟ ಕೆಳಗಿಟ್ಟ. ಬೇರೆ ಯಾರಿಗಾದರೂ ಸುಳ್ಳು ಹೇಳಿ ತಪ್ಪಿಸಿಕೊಳ್ಳುತ್ತಿದ್ದನೋ ಏನೋ.

“ಇತ್ತಮ್ಮಾ.”

“ಇದು ನನ್ನ ಕೈಲಿ ತಿರುಗಲ್ಲ ಅಂತ ಗೊತ್ತಿತ್ತಾ?”

“ಅದಕ್ಕೇ ತಂದೆ,” ಎಂದ. ಆಮೇಲೆ ಕಟ್ಟೆ ಒಡೆದ ಹಾಗೆ ಮಾತು ಬಂತು. ಹೇಳಿ ಹೇಳಿ ಸಾಕಾಗಿತ್ತು. ತಾಯಿಯ ಕೈಯಿಂದ ಕೀಲಿ ಕಿತ್ತುಕೊಂಡ ಮಗ ಅನ್ನಿಸಿಕೊಂಡರೆ ಯಾವ ಚಾಪೆಯ ಮೇಲೆ ಹೋಗಿ ಕೂರುವುದು? ಗಾಡಿಯೇ ಒಲ್ಲೆ ಅಂದರೆ ಯಾರ ಮಾನವೂ ಹೋಗುವುದಿಲ್ಲ, ಅವಳದೂ ಉಳಿಯುತ್ತದೆ, ತನ್ನದೂ ಉಳಿಯುತ್ತದೆ ಅಂದುಕೊಂಡಿದ್ದ. ರಾತ್ರಿ ಫೋನು ಬಡಿದಾಗಲೆಲ್ಲ ಅವಳ ಹೆಣದ ಸುದ್ದಿಯೇ ಬಂತೆಂದು ನಡುಗುತ್ತಿದ್ದ. “ನೀನು ಬದುಕಿರ್ಬೇಕಮ್ಮಾ ನಂಗೆ. ಅಷ್ಟೇ. ತಪ್ಪಾ?”

ಜುವೈನಾ ಅವನನ್ನೇ ನೋಡಿದಳು. ಅವನು ಹೇಳಿದ್ದರಲ್ಲಿ ಪ್ರೀತಿ ಇತ್ತು, ಅದೂ ಅವಳಿಗೆ ಕಾಣುತ್ತಿತ್ತು, ಅದಕ್ಕೇ ಸಿಟ್ಟು ಇನ್ನಷ್ಟು ಏರಿತು.

“ಕೀಲಿ ಕಿತ್ಕೊಂಡಿದ್ರೆ ನಿನ್ನ ಜನ್ಮ ಜಾಲಾಡಿ ಬೈದು, ಆಮೇಲೆ ಯಾವತ್ತೋ ಒಂದಿನ ಕ್ಷಮಿಸ್ತಿದ್ದೆ ಕಣೋ. ನಾನು ನನ್ನ ಕೈಗೆ ಬೈಕೊಂಡೆ. ಕೂತ್ರೂ ನಿಂತ್ರೂ ಬೈಕೊಂಡೆ. ನೀನು ಹಿಂದೆ ಕೂತು ಎಣ್ಣೆ ತಿಕ್ಕಿದೆ. ತಿಕ್ತಾ ವಯಸ್ಸು ಅಂದೆ.”

ಅವನು ಅವಳ ಕಾಲು ಹಿಡಿಯಲು ಬಗ್ಗಿದ. ಅವಳು ಕಾಲು ಹಿಂದಕ್ಕೆಳೆದುಕೊಂಡಳು.

ಸಂಜೆ ಹಮ್ದಾನ್ ಗಾಡಿಯೊಂದಿಗೆ ತಿರುಗಿ ಬಂದ. ಶಿನೂನಾಳನ್ನೂ ಕರೆತಂದಿದ್ದ, ಕೀಲಿಯನ್ನು ವಾರಗಿತ್ತಿಯ ಕೈಯಿಂದಲೇ ಇಸಿದುಕೊಳ್ಳಲಿ ಎಂದು. ಪಿಕಪ್ಪು ಸಪೂರ ಟೈರಿನ ಮೇಲೆ ನಿಂತಿತ್ತು, ಕೀಲಿ ಅದರಲ್ಲೇ ಇತ್ತು. ಜುವೈನಾ ಬಾಗಿಲು ತೆಗೆದು ಹತ್ತಿ ಕೂತಳು. ಹಮ್ದಾನ್ ಏನೋ ಹೇಳಲು ಹೋದ, ಶಿನೂನಾ ಅವನ ತೋಳು ಹಿಡಿದು ತಡೆದಳು. ಜುವೈನಾ ಸ್ಟಾರ್ಟ್ ಮಾಡಿ, ಎರಡು ಗಾಡಿ ಎದುರಾದರೆ ಇಕ್ಕಟ್ಟಾಗುವ ಆ ಓಣಿಯಲ್ಲಿ ಹಿಂದಕ್ಕೆ ಬಿಟ್ಟು, ಸ್ಟೇರಿಂಗ್ ಪೂರ್ತಿ ತಿರುಗಿಸಿ, ಮುಂದಕ್ಕೆ ತಂದು, ಮತ್ತೆ ತಿರುಗಿಸಿದಳು. ಅದು ಅವಳು ಹೇಳಿದ ಹಾಗೆ ಕೇಳಿತು. ಭುಜ ಮಿಸುಕಲಿಲ್ಲ. ಓಣಿಯ ಕೊನೆಯವರೆಗೆ ಹೋಗಿ, ಅಲ್ಲಿ ಒಂದೇ ಸಲಕ್ಕೆ ತಿರುಗಿಸಿಕೊಂಡು ವಾಪಸ್ ಬಂದು, ಗೋಡೆಗೆ ಒಂದು ಗೇಣು ಬಿಟ್ಟು ನಿಲ್ಲಿಸಿದಳು.

ಇಳಿದಾಗ ಅವಳ ಕಣ್ಣು ಒದ್ದೆಯಾಗಿತ್ತು. ಮುಸಲ್ಲಮ್ ಬಾಗಿಲಿಗೊರಗಿ ನಿಂತು ಎಲ್ಲ ನೋಡಿದ್ದ. ಶಿನೂನಾ ಮುದುಕಿಯಾದರೂ ಪೆದ್ದಿಯಲ್ಲ. ತಾಯಿಯನ್ನು ನೋಡಿದಳು, ಮಗನನ್ನು ನೋಡಿದಳು, ಟೈರು ನೋಡಿದಳು, ಎಲ್ಲ ತಿಳಿಯಿತು.

“ನೀನೇ ಇಟ್ಕೊಳ್ಳೇ ಜುವೈನಾ,” ಎಂದಳು. “ನಮ್ದು ಹೆಂಗೋ ಆಗುತ್ತೆ.”

ಜುವೈನಾ ಕೀಲಿಯನ್ನು ಅವಳ ಅಂಗೈಗಿಟ್ಟು ಬೆರಳು ಮಡಚಿದಳು.

“ಇಟ್ಕೊಂಡು ಯಾರಿಗೆ ನೀರು ಹೊತ್ಕೊಂಡು ಹೋಗ್ಲಿ ಅಕ್ಕಾ?”