ಸವೆದ ಮೊನೆಯ ಸಾಕ್ಷ್ಯ

ನಾನು ಒಂದು ಪುಟ್ಟ ಪಿಸ್ತೂಲಿನೊಳಗಿನ ಉಕ್ಕಿನ ಕಡ್ಡಿ. ಫೈರಿಂಗ್ ಪಿನ್ ಎಂದು ನನ್ನನ್ನು ಕರೆಯುತ್ತಾರೆ. ಟ್ರಿಗರ್ ಎಳೆದಾಗ ಹಿಂದಿನ ಸುತ್ತಿಗೆ ನನ್ನ ಬೆನ್ನಿಗೆ ಬಡಿಯುತ್ತದೆ. ನಾನು ಮುಂದಕ್ಕೆ ಚಿಮ್ಮಿ ಕಾಡತೂಸಿನ ತಳದ ಮೆದು ಕ್ಯಾಪನ್ನು ಕುಟ್ಟುತ್ತೇನೆ, ಗುಂಡು ಹಾರುತ್ತದೆ. ಹೊಗಳಿಕೆಯೆಲ್ಲ ನಳಿಗೆಗೆ, ಹೊಳಪೆಲ್ಲ ಹಿಡಿಕೆಗೆ. ನನ್ನನ್ನು ಕಂಡವರು ವಿರಳ.

ಕಾರ್ಖಾನೆಯಲ್ಲಿ ನನ್ನನ್ನು ಕೆಂಪಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮೊನೆಯನ್ನು ಗುಂಡಗೆ ಮಸೆದರು. ಅಲ್ಲಿಂದ ಜಿಲ್ಲೆಯೊಂದರ ಪೊಲೀಸ್ ಶಸ್ತ್ರಾಗಾರಕ್ಕೆ ಬಂದೆ. ಆಯುಧಗಳ ರಿಪೇರಿ ನೋಡಿಕೊಳ್ಳುವ ಹೆಡ್ ಕಾನ್ಸ್‌ಟೇಬಲ್ ಸಾವಂತ್ರೆವ್ವ ನನ್ನನ್ನು ಬಿಚ್ಚಿ, ಬೆಳಕಿಗೆ ಹಿಡಿದು ನೋಡಿ, ಮರಳಿ ಜೋಡಿಸಿದರು. ನೋಡಿಯೇ ಜೋಡಿಸಿದರು ಎಂಬುದನ್ನು ಓದುಗರು ನೆನಪಿಡಬೇಕು.

ಬಳಿಕ ಪಿಎಸ್‌ಐ ಶರಣಯ್ಯನವರ ಸೊಂಟವೇ ನನ್ನ ಮನೆ. ಅವರು ಧೈರ್ಯವಂತರು, ಸಜ್ಜನರು. ಆದರೆ ಫೋನಿನಲ್ಲಿ ಮಾತನಾಡುವಾಗಲೆಲ್ಲ ಖಾಲಿ ಪಿಸ್ತೂಲಿನ ಟ್ರಿಗರನ್ನು ಟಕ್ ಟಕ್ ಎಂದು ಎಳೆಯುವ ಚಾಳಿ. ಆಯುಧವೇನು ಗಿಲಕಿಯೇ? ಕುಟ್ಟಲು ಕ್ಯಾಪಿಲ್ಲದೆ ನಾನು ವೃಥಾ ಉಕ್ಕಿಗೆ ಅಪ್ಪಳಿಸಿ ಸವೆದೆ. ಆಯುಧಪೂಜೆಯಂದಂತೂ ಪಿಸ್ತೂಲುಗಳನ್ನು ಸಾಲಾಗಿಟ್ಟು, ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಧಾರಾಳವಾಗಿ ಬಳಿಯುತ್ತಿದ್ದರು. ಅದು ನಾನು ಓಡಾಡುವ ರಂಧ್ರಕ್ಕಿಳಿದು ಅಂಟಾಗುತ್ತಿತ್ತು. ಪೂಜಿಸಲು ಮುಂದಾದ ಕೈಗಳಲ್ಲಿ ಒಂದಾದರೂ ಒರೆಸಲು ಬರುತ್ತಿರಲಿಲ್ಲ. ಇದೆಂಥ ಭಕ್ತಿ! ಮರುದಿನ ಬಿದಿರುಕಡ್ಡಿಗೆ ಹತ್ತಿ ಸುತ್ತಿ ಕುಂಕುಮವನ್ನು ತೆಗೆಯುತ್ತಿದ್ದವರು ಸಾವಂತ್ರೆವ್ವ ಒಬ್ಬರೇ. ಸವೆದ ಮೊನೆಯನ್ನು ಬೆಳೆಸಲು ಅವರಿಂದಲೂ ಸಾಧ್ಯವಿರಲಿಲ್ಲ.

ಈ ವರ್ಷ ಅಪಾಯಕಾರಿ ಕೈದಿಯೊಬ್ಬನನ್ನು ನ್ಯಾಯಾಲಯಕ್ಕೆ ಕರೆದೊಯ್ಯುವ ಕೆಲಸ ಶರಣಯ್ಯನವರ ಪಾಲಿಗೆ ಬಂತು. ಅವನ ಸಹಚರರು ದಾರಿ ಕಾಯುತ್ತಿದ್ದಾರೆಂಬ ಸುದ್ದಿಯಿತ್ತು. ಹೊರಡುವ ಮುನ್ನ ಪಿಸ್ತೂಲು ಸುಸ್ಥಿತಿಯಲ್ಲಿದೆಯೆಂದು ಸಾವಂತ್ರೆವ್ವ ಸಹಿ ಹಾಕಬೇಕು. ಮೇಲಧಿಕಾರಿ ಗುಂಡಪ್ಪನವರು ರಿಜಿಸ್ಟರನ್ನು ಅವರ ಮುಂದೆ ತಳ್ಳಿದರು.

“ಹ್ವಾದ ವರ್ಷದ್ದ ನೋಡಿ ಬರದೀನಿ. ಒಂದು ಸಹಿ ಒಗದುಬಿಡು, ಸಾವಂತ್ರೆವ್ವ.”

“ಪಿನ್ನಿನ ಮೊನಿ ಸವದೈತ್ರಿ ಸಾಹೇಬ್ರ. ನಾ ಹಾಕಂಗಿಲ್ಲ.”

ಶರಣಯ್ಯನವರು ನಕ್ಕರು. “ಅಕ್ಕಾ, ಇದು ನನಗ ಒಂದ್ ಸಲಾನೂ ಕೈ ಕೊಟ್ಟಿಲ್ಲ ಬಿಡ್ರಿ.”

“ಕೈ ಕೊಡೂದು ಒಂದ ಸಲ ರೀ. ಎರಡನೇ ಸಲಕ್ಕ ನೀವು ಉಳದಿರಬೇಕಲ್ಲ!”

“ಬೇರೆ ಊರಿಗೆ ವರ್ಗಾ ಮಾಡಸ್ಲೇನು?” ಗುಂಡಪ್ಪನವರು ಗುಡುಗಿದರು.

“ಮಾಡಸ್ರಿ. ಅದಕ್ಕೂ ಮದಲ ಹತ್ತು ಗುಂಡು ಹೊಡದು ನೋಡ್ರಿ.”

ಆ ಮಧ್ಯಾಹ್ನವೇ ಗುಂಡು ಹಾರಿಸುವ ಮೈದಾನದಲ್ಲಿ ಶರಣಯ್ಯನವರು ಗುರಿ ಹಿಡಿದರು. ಐದು ಗುಂಡುಗಳು ಹಾರಿದವು. ಗುಂಡಪ್ಪನವರು ಮೀಸೆಯಲ್ಲೇ ನಗತೊಡಗಿದರು. ಆರನೆಯದಕ್ಕೆ ನಾನು ಇದ್ದ ಬಲವನ್ನೆಲ್ಲ ಹಾಕಿ ಚಿಮ್ಮಿದೆ. ಟಕ್ ಎಂದಿತು. ಗುಂಡು ಹಾರಲಿಲ್ಲ. ಏಳು, ಎಂಟು ಹಾರಿದವು; ಒಂಬತ್ತನೆಯದು ಮತ್ತೆ ಹಾರಲಿಲ್ಲ, ಹತ್ತನೆಯದು ಹಾರಿತು.

ಸಾವಂತ್ರೆವ್ವ ಜೇಬಿನಿಂದ ಬೆಂಕಿಪೆಟ್ಟಿಗೆಯೊಂದನ್ನು ತೆಗೆದರು. ಈ ಪಿಸ್ತೂಲು ಪ್ರತಿವರ್ಷ ಹಾರಿಸಿದ ಒಂದೊಂದು ಖಾಲಿ ಕಾಡತೂಸನ್ನು ಅವರು ಅದರಲ್ಲಿ ಕಾಪಿಟ್ಟಿದ್ದರು. ಅಂಗೈಯ ಮೇಲೆ ಸಾಲಾಗಿಟ್ಟು ತೋರಿಸಿದರು. ಮೊದಲ ವರ್ಷ ನಾನು ಒತ್ತಿದ ಗುಳಿ ಆಳವಾಗಿತ್ತು. ವರ್ಷ ಕಳೆದಂತೆ ತೆಳುವಾಗುತ್ತ ಬಂದು, ಕೊನೆಗೆ ಉಗುರಿನ ಗೀರಿನಷ್ಟೇ ಉಳಿದಿತ್ತು.

ಶರಣಯ್ಯನವರು ಕೊನೆಯ ಕಾಡತೂಸಿನ ಗೀರನ್ನು ಬೆರಳಿನಿಂದ ಸವರಿ ನೋಡಿದರು. ಅನಂತರ ನೆಟ್ಟಗೆ ನಿಂತು, ತಮಗಿಂತ ಕೆಳಗಿನ ದರ್ಜೆಯ ಆ ಹೆಂಗಸಿಗೆ ಸಲ್ಯೂಟ್ ಹೊಡೆದರು. ಗುಂಡಪ್ಪನವರು ತಾವು ನಕಲು ಮಾಡಿದ ಸಾಲನ್ನು ತಮ್ಮ ಕೈಯಿಂದಲೇ ಹೊಡೆದುಹಾಕಿದರು.

ನನ್ನ ಜಾಗಕ್ಕೆ ಹೊಸ ಪಿನ್ ಬಂತು. ಹತ್ತಕ್ಕೆ ಹತ್ತೂ ಹಾರಿದ ಮೇಲೆ ಸಾವಂತ್ರೆವ್ವ ಸಹಿ ಹಾಕಿದರು. ಶರಣಯ್ಯನವರು ಕೈದಿಯೊಂದಿಗೆ ಹೋಗಿ ಸುರಕ್ಷಿತವಾಗಿ ಹಿಂತಿರುಗಿದರು. ಅವರ ಫೋನಿನ ಮಾತಿನ ನಡುವೆ ಈಗ ಟಕ್ ಟಕ್ ಸದ್ದಿಲ್ಲವಂತೆ.

ಇಂದು ನಾನು ತರಬೇತಿ ಕೋಣೆಯಲ್ಲಿ ಅದೇ ಬೆಂಕಿಪೆಟ್ಟಿಗೆಯಲ್ಲಿದ್ದೇನೆ. ಹೊಸದಾಗಿ ಸೇರಿದವರೆಲ್ಲ ನನ್ನ ಮೊಂಡು ಮೊನೆಯನ್ನು ಬೆರಳಿನಿಂದ ಮುಟ್ಟಿ ನೋಡುತ್ತಾರೆ. ಸವೆಯುವುದು ಉಕ್ಕಿನ ಧರ್ಮ, ಅದರಲ್ಲಿ ಅವಮಾನವಿಲ್ಲ. ಸವೆದದ್ದನ್ನು ಕಂಡೂ ಸರಿಯಿದೆಯೆಂದು ಬರೆಯುವುದು ಮಾತ್ರ ಮಹಾಪಾಪ. ಜೀವಮಾನವೆಲ್ಲ ಗುಂಡು ಹಾರಿಸಿದ ನಾನು ಗೆದ್ದದ್ದು, ಹಾರದೆ ಉಳಿದ ಆ ಎರಡು ಗುಂಡುಗಳಿಂದ.