ಮುಖದ ಕೆಳಗಿನ ಕುರ್ಚಿ

"ನಾನೇ ಮಾತಾಡ್ತಿರೋದು. ಸತ್ತಿಲ್ಲ," ಎಂದಳು ಬಡಗಿಯ ಹೆಂಡತಿ ಫೋನಿನಲ್ಲಿ. ಆ ವಾರದಲ್ಲಿ ಹಾಗೆ ಹೇಳಿದ್ದು ಅದು ನಾಲ್ಕನೆಯ ಸಲ.

ಅತ್ತ ಕಡೆಯವರು ಒಂದು ವಾಚನಾಲಯದ ಮೇಲ್ವಿಚಾರಕರು. ಹನ್ನೆರಡು ಕುರ್ಚಿ ಮಾಡಿಸಬೇಕೆಂದು ಇವರ ವೆಬ್‌ಸೈಟ್ ತೆರೆದಿದ್ದರಂತೆ. ಪರದೆಯ ತುಂಬ ಒಬ್ಬ ಹೆಂಗಸಿನ ಮುಖ, ಮೇಲೆ 'ಮೂವತ್ತು ವರ್ಷಗಳ ಸಾರ್ಥಕ ಸೇವೆ' ಎಂಬ ಸಾಲು. ದುಃಖದಲ್ಲಿರುವವರ ಹತ್ತಿರ ಕುರ್ಚಿಯ ಮಾತೆತ್ತುವುದು ಹೇಗೆಂದು ಹಿಂಜರಿದು ಕೆಲಸವನ್ನು ಬೇರೆಯವರಿಗೆ ಕೊಟ್ಟಿದ್ದರು. ಈಗ ಸಂತಾಪ ಹೇಳಲೆಂದೇ ಫೋನು ಮಾಡಿದ್ದರು.

ತಿಂಗಳ ಕೊನೆಯೊಳಗೆ ಕೆಲಸ ಸಿಗದಿದ್ದರೆ ಅಂಗಡಿಯ ಬಾಗಿಲು ಹಾಕಿ, ಗಂಡ ಮರ ಕೊಯ್ಯುವ ಮಿಲ್ಲಿಗೆ ಆಳಾಗಿ ಹೋಗುವುದೆಂದು ಮನೆಯಲ್ಲಿ ಮಾತಾಗಿತ್ತು. ಉಳಿದದ್ದು ಎಂಟು ದಿನ.

ಬಡಗಿ ಹಲಗೆಯ ಮೇಲೆ ಹತ್ತರಿ ಆಡಿಸಿ ನಯ ಮಾಡುತ್ತಲೇ ರೇಗಿದ. ತಾನು ಹಾಕಿಸಿದ್ದು ಕುರ್ಚಿಯ ಫೋಟೋ, ಇವಳು ಅದರ ಮೇಲೆ ಕೂತಿದ್ದಾಳೆ, ಅಷ್ಟೆ. ಸ್ವಲ್ಪ ಕೆಳಗೆ ಸರಿಸಿದರೆ ಕುರ್ಚಿ ಸಿಗುತ್ತದೆ. ಜನಕ್ಕೆ ಒಂದು ಬೆರಳು ಆಡಿಸುವಷ್ಟೂ ಪುರುಸೊತ್ತಿಲ್ಲವೇ? ಯಾರೂ ಅಷ್ಟು ಕೆಳಗೆ ಹೋಗುವುದಿಲ್ಲ ಎಂದು ವೆಬ್‌ಸೈಟ್ ಮಾಡಿಕೊಟ್ಟ ಮಗಳು ಮೊದಲ ದಿನವೇ ಹೇಳಿದ್ದಳು. ಹೆಂಡತಿಯ ಮುಖವಿಲ್ಲದೆ ಕುರ್ಚಿ ಬಿಕೋ ಅನ್ನುತ್ತದೆಂದು ಅವನೇ ಹಟ ಹಿಡಿದಿದ್ದ.

"ಮೂವತ್ತು ವರ್ಷ ಈ ಮುಖ ನೋಡಿದ್ದು ಸಾಕು ಕಣ್ರೀ," ಎಂದಳು ಹೆಂಡತಿ. ಮಗಳ ಕಡೆ ತಿರುಗಿ, "ಕತ್ತರಿಸಿ ಹಾಕೇ ಅದನ್ನ," ಎಂದಳು.

ಮಗಳು ಕತ್ತಿನಿಂದ ಮೇಲಿನದನ್ನೆಲ್ಲ ಕತ್ತರಿಸಿದಳು. ಪರದೆಯ ತುಂಬ ಈಗ ಕುರ್ಚಿ, ಅದರ ಮೇಲೆ ಸೀರೆಯುಟ್ಟ ಮೈ, ಮುಂದೆ ಎರಡು ಬರಿಗಾಲು.

"ಅಪ್ಪ, ಇಲ್ನೋಡು."

ಬಡಗಿ ಕನ್ನಡಕ ಏರಿಸಿ ಬಗ್ಗಿದ. ಹೆಂಡತಿಯ ಎಡಗಾಲಿನ ಹೆಬ್ಬೆರಳು ಕುರ್ಚಿಯ ಮುಂಗಾಲಿನ ಅಡಿಗೆ ತೂರಿಕೊಂಡಿತ್ತು. ಭಾರಕ್ಕೆ ಬೆರಳ ತುದಿ ಬೆಳ್ಳಗಾಗಿತ್ತು.

"ಕುರ್ಚಿ ಅಲ್ಲಾಡ್ತಿತ್ತು," ಎಂದಳು ಹೆಂಡತಿ. "ಮಿಸುಕದೆ ಕೂತ್ಕೋ ಅಂದ್ರಲ್ಲ ನೀವು."

"ಆಗ್ಲೇ ಹೇಳೋಕೇನಾಗಿತ್ತು?"

"ಹೇಳಿದ್ರೆ ನೆಲ ಸರಿಯಿಲ್ಲ ಅಂತಿದ್ರಿ."



ಸಂಜೆಯ ಹೊತ್ತಿಗೆ ಒಂದು ಫೋನು ಬಂತು. ವೆಬ್‌ಸೈಟಿನಲ್ಲಿರುವ ಕುರ್ಚಿಯನ್ನು ನಾಳೆ ಬಂದು ಕೂತು ನೋಡಬಹುದೇ, ಆರು ಬೇಕಿತ್ತು ಎಂದು ಯಾರೋ ಕೇಳಿದರು.

"ನಾಳೆ ಬೇಡ, ನಾಡಿದ್ದು ಬನ್ನಿ," ಎಂದ ಬಡಗಿ.

ಕುರ್ಚಿಯನ್ನು ಮೇಜಿನ ಮೇಲೆ ತಲೆಕೆಳಗು ಮಾಡಿ, ಕಾಲುಗಳಿಗೆ ಅಡ್ಡಲಾಗಿ ಅಳತೆಪಟ್ಟಿಯಿಟ್ಟು, ಒಂದು ಕಣ್ಣು ಮುಚ್ಚಿ ನೋಡಿದ. ಒಂದು ಕಾಲು ಗಿಡ್ಡವಾದದ್ದಕ್ಕೆ ಉಳಿದ ಮೂರನ್ನೂ ಸವರಬೇಕಿತ್ತು. ಅವನು ಹತ್ತರಿ ಎತ್ತಿಕೊಳ್ಳುವಷ್ಟರಲ್ಲಿ ಹೆಂಡತಿ ಬಂದು, ಕುರ್ಚಿ ಅಲ್ಲಾಡದಂತೆ ಎರಡೂ ಕೈಯಿಂದ ಒತ್ತಿ ಹಿಡಿದಳು.