ಫಿನಾಯಿಲ್ ಕುಡಿದ ತೊಟ್ಟಿ

ದೇವಿಂದ್ರಪ್ಪನವರ ದಾಲ್ ಮಿಲ್ಲಿಗೆ ಇನ್ನೇನು ಬೀಗ ಬೀಳುವುದರಲ್ಲಿತ್ತು. ತೊಗರಿ ನೆನೆಸಿದ ನೀರು ಕಮಲಾಪುರದ ಚರಂಡಿಗೆ ಹರಿದು, ಊರವರು ದೂರು ಕೊಟ್ಟು, ಕಲಬುರಗಿಯ ಮಾಲಿನ್ಯ ಮಂಡಳಿಯ ಸಾಹೇಬರು ಗಡುವು ಕೊಟ್ಟು ಹೋಗಿದ್ದರು. ಆಗ ಬಂದವಳು ಅಂಬರೀನ್. ಕಲಬುರಗಿ ಕೋಟೆಯ ಬಳಿಯ ಹುಡುಗಿ, ಸೂಕ್ಷ್ಮಜೀವಿಗಳ ವಿಷಯದಲ್ಲಿ ಎಂಎಸ್ಸಿ ಓದಿದವಳು.

"ಈ ನೀರಿನ್ಯಾಗ ತೊಗರಿ ಸತ್ವ ಭಾಳ ಅದ ಕಾಕಾ. ನನ್ನ ಯೀಸ್ಟು ಅದನ್ನ ತಿಂದು ಬೆಳೀತಾವ. ನೀರು ಹಸನಾಗ್ತದ, ಯೀಸ್ಟ್ ಒಣಗಿಸಿದ್ರ ಕೋಳಿಗಿ ಮೇವಾಗ್ತದ," ಎಂದಳು.

ಹೊಲಸು ತಿಂದುಕೊಂಡು ರಜೆ ಕೇಳದೆ ದುಡಿಯುವವರು ಯಾರಿಗೆ ಬೇಡ? ಮಿಲ್ಲಿನ ಹಿಂದೆ ತೊಟ್ಟಿ ಎದ್ದಿತು. ಯೀಸ್ಟ್ ಹಾಕಿದ ಮೇಲೆ ನೊರೆ ಉಕ್ಕಿ, ಹಳಸಿದ ಹಿಟ್ಟಿನಂಥ ನಾತ ಮಿಲ್ಲೆಲ್ಲ ಹಬ್ಬಿತು. ಯೀಸ್ಟ್ ಬದುಕಿದ ಗುರುತೆಂದು ಅಂಬರೀನ್ ಹಿಗ್ಗಿದಳು. ದೇವಿಂದ್ರಪ್ಪ ಮೂಗಿಗೆ ಟವೆಲ್ ಕಟ್ಟಿಕೊಂಡರು.

ನಮ್ಮ ಕಡೆ ಸಾಹೇಬರು ಬರುತ್ತಾರೆಂದರೆ ಗೋಡೆಗೆ ಸುಣ್ಣ ಬೀಳುತ್ತದೆ, ಬೀದಿ ನಾಯಿಗಳೂ ಶಿಸ್ತು ಕಲಿಯಬೇಕಾಗುತ್ತದೆ. ಈ ರೋಗಕ್ಕೆ ಮದ್ದಿಲ್ಲ. ತಪಾಸಣೆಯ ಹಿಂದಿನ ದಿನ ದೇವಿಂದ್ರಪ್ಪ ಇಡೀ ಮಿಲ್ಲು ತೊಳೆಸಿದರು. ಅಷ್ಟು ಮಾಡಿಯೂ ತೊಟ್ಟಿ ನಾರುತ್ತಿದ್ದರೆ ಮರ್ಯಾದೆ ಉಳಿದೀತೇ? ಅದಕ್ಕೂ ಒಂದು ಕ್ಯಾನ್ ಫಿನಾಯಿಲ್ ಸುರಿದರು.

ಬೆಳಗಿನ ಬಸ್ಸಿಗೆ ಬಂದ ಅಂಬರೀನ್ ಮುಚ್ಚಳ ತೆಗೆದು ನಿಂತಲ್ಲೇ ನಿಂತಳು. ನೊರೆಯಿಲ್ಲ, ಒಂದು ಗುಳ್ಳೆಯೂ ಇಲ್ಲ.

"ಕಾಕಾ, ಇದಕ್ಕ ಏನ್ ಹಾಕೀರಿ?"

"ಫಿನಾಯಿಲ್ ಅವ್ವ. ಸಾಹೇಬ್ರು ಬರ್ತಾರಲ್ಲ."

"ಎಲ್ಲಾ ಸತ್ತಾವ," ಎಂದು ಅವಳು ಕಟ್ಟೆಯ ಮೇಲೆ ಕುಸಿದಳು. ಸಾವಿನ ಮನೆಗೆ ಬಂದವರಂತೆ ದೇವಿಂದ್ರಪ್ಪನವರೂ ಪಕ್ಕದಲ್ಲಿ ಕೂತರು.

ಅಷ್ಟರಲ್ಲಿ ಜೀಪು ಬಂತು. ಗಡುವು ಕೊಟ್ಟಿದ್ದ ಸುಧಾಕರ ಸಾಹೇಬರು ಇಳಿದು ತೊಟ್ಟಿಯ ಮೇಲೆ ಬಗ್ಗಿ ಮೂಸಿದರು. ಮುಖ ಅರಳಿತು.

"ಭಾಳ ಛಲೋ. ಜರಾನೂ ಹೊಲಸು ನಾತ ಇಲ್ಲ, ದವಾಖಾನಿ ಹಂಗ ಅದ. ಎಲ್ಲಾ ಮಿಲ್ಲಿನವ್ರಿಗೂ ಹಿಂಗೇ ಕಟ್ಟ್ರಿ ಅಂತ ಹೇಳ್ತೀನಿ," ಎಂದು ಪೆನ್ನು ತೆಗೆದರು.

ಮಿಲ್ಲು ಉಳಿದಂತಾಯಿತು. ದೇವಿಂದ್ರಪ್ಪ ಕೈಮುಗಿದು ಬಿಟ್ಟಿದ್ದರೆ ಸಾಕಿತ್ತು. ಆದರೆ ಪಕ್ಕದಲ್ಲಿ ಅಂಬರೀನ್ ಇದ್ದಳು. ಅವರ ಮಿಲ್ಲು ಉಳಿಯಲೆಂದು ನಿಜ ಹೇಳದೆ ಕಣ್ಣೀರು ನುಂಗಿಕೊಂಡು ನಿಂತಿದ್ದಳು. ಅದನ್ನು ಕಂಡು ಅವರಿಗೆ ತಡೆಯಲಾರದಷ್ಟು ನಾಚಿಕೆಯಾಯಿತು.

"ಬರೀಬ್ಯಾಡ್ರಿ ಸಾಹೇಬ್ರ. ಇದರಾಗಿನ ಜೀವ ನಾನೇ ಕೊಂದೀನಿ. ಅವು ಬದುಕಿದ್ರ ನಿಮಗ ಇಲ್ಲಿ ನಿಂದ್ರಾಕ ಆಗ್ತಿದ್ದಿಲ್ಲ."

ಸಾಹೇಬರು ಇಬ್ಬರನ್ನೂ ನೋಡಿ ಪೆನ್ನು ಜೇಬಿಗಿಟ್ಟರು. "ಇನ್ನೊಂದು ಸಲ ಬರ್ತೀನಿ. ಆವಾಗ ತೊಟ್ಟಿ ನಾರಬೇಕು, ಚರಂಡಿ ನಾರಬಾರ್ದು. ಇಲ್ಲಂದ್ರ ಬೀಗ."

ಮನೆಯ ಫ್ರಿಜ್ಜಿನಲ್ಲಿ, ಅಮ್ಮನ ಖೀಮಾದ ಪಕ್ಕದಲ್ಲಿ ಉಳಿದಿದ್ದ ಯೀಸ್ಟನ್ನು ಅಂಬರೀನ್ ತಂದು, ತೊಟ್ಟಿ ತೊಳೆದು ಮತ್ತೆ ಹಾಕಿದಳು. ದೇವಿಂದ್ರಪ್ಪ ಚಹಾ ಬಿಟ್ಟರೂ ತೊಟ್ಟಿ ಮೂಸುವುದನ್ನು ಬಿಡಲಿಲ್ಲ. ವಾಸನೆಯೇ ಇಲ್ಲ. ಅವರಿಗೆ ಊಟ ಸೇರದಾಯಿತು.

ಒಂದು ಬೆಳಿಗ್ಗೆ ಅಂಬರೀನಳ ಫೋನು ರಿಂಗಾಯಿತು. ಆ ಕಡೆಯಿಂದ ದೇವಿಂದ್ರಪ್ಪ ಕೂಗಿದರು.

"ಜಲ್ದಿ ಬಾ ಅವ್ವ. ನಾರಾಕತ್ಯಾವ."